ಐದು ತಿಂಗಳು ಐದು ವರ್ಷ ಆದ ಕಥೆ: ವಿಮಾ ಲೋಕಪಾಲರ ಬಳಿ ಹೋಗಿ ಬಂದ ಅನುಭವ

ತುಮಕೂರಿನ ಬಿ.ಹೆಚ್. ರಸ್ತೆ ಹತ್ತಿರ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ದಿನಾ ಊರವರ ಕಾಗದವೆಲ್ಲ ನನ್ನ ಕೈ ಮೇಲೇ ಹೋಗುತ್ತೆ. ನಮ್ಮಮ್ಮನ ಆಸ್ಪತ್ರೆ ಕಾಗದ ಮಾತ್ರ ಓದಿರಲಿಲ್ಲ.

ಅಮ್ಮನಿಗೆ 2022ರಲ್ಲಿ ಆರೋಗ್ಯ ವಿಮೆ ಮಾಡಿಸಿದ್ದೆ. 2024ರ ಮಳೆಗಾಲದಲ್ಲಿ ಕಾಲಿನ ಗಾಯ ಕೀವಾಗಿ ಆರು ದಿನ ಆಸ್ಪತ್ರೆ. ಬಿಲ್ಲು 86,400 ರೂಪಾಯಿ. ಕ್ಲೇಮ್ ಹಾಕಿದರೆ ಎರಡು ಸಾಲಿನ ಇಂಗ್ಲಿಷ್ ಪತ್ರ ಬಂತು. ಶುಗರ್ ಐದು ವರ್ಷದಿಂದ ಇದೆ, ಮುಚ್ಚಿಟ್ಟು ಪಾಲಿಸಿ ತಗೊಂಡಿದ್ದೀರಿ, ಹಣ ಇಲ್ಲ.

ಶುಗರ್ ಅಂತ ಗೊತ್ತಾಗಿ ಆಗ ಐದು ತಿಂಗಳಾಗಿತ್ತು ಅಷ್ಟೇ. ಕೇಸ್ ಶೀಟ್ ನಕಲು ತಂದು ನೋಡಿದೆ. ಅಡ್ಮಿಟ್ ಆದ ರಾತ್ರಿ ಡ್ಯೂಟಿ ಡಾಕ್ಟರ್ ಗೀಚಿದ ಸಾಲು. 5ರ ಮುಂದೆ ಇಂಗ್ಲಿಷಿನ 'ವೈ', ಅಂದರೆ ವರ್ಷ. ಅಲ್ಲಿ ತಿಂಗಳಿನ 'ಎಂ' ಇರಬೇಕಿತ್ತು. ಒಂದು ಅಕ್ಷರದ ಬೆಲೆ 86,400!

ಮೊದಲು ಕಂಪನಿಯ ದೂರು ಅಧಿಕಾರಿಗೇ ಬರೆಯಬೇಕು, ಅದು ನಿಯಮ. ತಪ್ಪಾಗಿದೆ ಅಂತ ದೊಡ್ಡ ಡಾಕ್ಟರ್ ಬರೆದುಕೊಟ್ಟ ಪತ್ರವನ್ನೂ ಲಗತ್ತಿಸಿದೆ. ಹನ್ನೆರಡನೇ ದಿನ ಅದೇ ಎರಡು ಸಾಲು ವಾಪಸ್. ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಯಾರೂ ಓದಿಲ್ಲ ಅಂತ ಖಾತ್ರಿಯಾಯ್ತು.

ಆಮೇಲೆ ವಿಮಾ ಲೋಕಪಾಲರು, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವವರು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ದೂರು ಆನ್‌ಲೈನಲ್ಲೂ ಹಾಕಬಹುದು. ಫೀಸು ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ಇಲ್ಲ ಅಂದಮೇಲೆ, ಅಥವಾ ಒಂದು ತಿಂಗಳು ಕಾದರೂ ಉತ್ತರ ಬರದಿದ್ದರೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು, ಇದನ್ನ ಮರೆಯಬೇಡಿ.

ಇನ್ನೂ ಗಟ್ಟಿ ಸಾಕ್ಷಿ ಬೇಕಲ್ವಾ? ಅಮ್ಮ ಯಾವ ಚೀಟಿಯನ್ನೂ ಎಸೆಯೋದಿಲ್ಲ. ಬೀರುವಿನ ಮೇಲಿದ್ದ ಸೀರೆ ಅಂಗಡಿ ಕವರ್ ಇಳಿಸಿದೆವು. ಗ್ಯಾಸ್ ರಸೀದಿ, ನನ್ನ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್, ಅದರಡಿ ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಮಾಡಿಸಿದ್ದ ರಕ್ತ ಪರೀಕ್ಷೆ. 2021ರದು. ಖಾಲಿ ಹೊಟ್ಟೆ ಶುಗರ್ 94. ನನಗೆ ಕುಣಿಯುವಷ್ಟು ಖುಷಿ.

ವಿಚಾರಣೆ ವಿಡಿಯೋ ಕಾಲಲ್ಲಿ. ಅರ್ಧ ಶಟರ್ ಎಳೆದು, ಮೊಬೈಲನ್ನು ಪೇಪರ್ ಬಂಡಲ್‌ಗೆ ಒರಗಿಸಿ ಕೂತೆವು. ಆ ಒಂದು ಸಾಲು ಬಿಟ್ಟು ಐದು ವರ್ಷಕ್ಕೆ ಬೇರೆ ಕಾಗದ ಇದೆಯಾ ಅಂತ ಲೋಕಪಾಲರು ಕಂಪನಿಯವರನ್ನ ಕೇಳಿದರು. ಆ ಕಡೆಯವರು ಫೈಲು ತಿರುವಿದರು, ತಿರುವಿದರು. ಇಲ್ಲ ಸರ್ ಅಂದರು. ಹತ್ತು ನಿಮಿಷವೂ ಆಗಲಿಲ್ಲ.

ಆದೇಶ ನಮ್ಮ ಕಡೆ ಬಂತು. ಅದನ್ನ ಕಂಪನಿ 30 ದಿನದಲ್ಲಿ ಪಾಲಿಸಲೇಬೇಕು. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ನ್ಯಾಯಾಲಯದ ದಾರಿ ಇದ್ದೇ ಇರುತ್ತಿತ್ತು. ಗ್ಲೌಸು, ಹತ್ತಿ ಅಂತ 2,150 ಹಿಡಿದು ಉಳಿದದ್ದು ಹಾಕಿದರು. ಅದಕ್ಕೂ ಜಗಳ ಆಡೋ ಉತ್ಸಾಹ ನನಗಿರಲಿಲ್ಲ.

ಲೋಕಪಾಲರಿಗೆ ಐದಕ್ಕೆ ಐದು. ಕಂಪನಿಯ ದೂರು ವಿಭಾಗಕ್ಕೆ ಒಂದು ಕೊಡೋದೂ ಜಾಸ್ತಿ. ಅಮ್ಮನ ಕವರ್ ಈಗ ನಮ್ಮ ಅಂಗಡಿಯ ಬೀಗದ ಡ್ರಾಯರ್‌ನಲ್ಲಿದೆ, ವಾಪಸ್ ಕೊಡು ಅಂತ ಅವಳು ದಿನಾ ಕೇಳುತ್ತಾಳೆ.