ಬೀದರಿನ ಥಂಡಿಗೆ ಹೀಟರ್ ಇಲ್ಲದ ಪಾಲಿಹೌಸ್: ನಾಲ್ಕು ಚಳಿಗಾಲ ಬಳಸಿದ ಮೇಲೆ

ಡಿಸೆಂಬರಿನ ಬೆಳಿಗ್ಗೆ ಆರು ಗಂಟೆ. ಹೊರಗಿನ ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿತ್ತು. ಗಿಡಗಳಿಗೆಂದು ಅಂಗಳದಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಶೀಟಿನ ಮನೆ, ಅಂದರೆ ಪಾಲಿಹೌಸ್, ಅದರ ಒಳಗಿನದು 8.5. ಒಂದು ಕೆಟ್ಟಿರಬೇಕು ಅಂದುಕೊಂಡು ಎರಡನ್ನೂ ಅದಲು ಬದಲು ಮಾಡಿಟ್ಟೆ. ಮರುದಿನವೂ ಅದೇ ಕಥೆ. ಶಾಲು ಹೊದ್ದು ಬಂದ ಅವ್ವ ಒಳಗೆ ಕೈ ಚಾಚಿ ನೋಡಿ, "ಹೊರಗಿಂತ ಒಳಗೇ ಥಂಡಿ ಹೆಚ್ಚ ಅದಲ್ಲೋ. ಇದಕ್ಕ ಅಷ್ಟು ರೊಕ್ಕ ಕೊಟ್ಟಿ ಏನು?" ಎಂದಳು.

ಕೊಟ್ಟದ್ದು 18,500 ರೂಪಾಯಿ, 2021ರ ಅಕ್ಟೋಬರಿನಲ್ಲಿ. 12 ಅಡಿ ಉದ್ದ, 8 ಅಡಿ ಅಗಲ, ನಡುವೆ 7 ಅಡಿ ಎತ್ತರದ ಕಿಟ್. ಜಿಐ ಪೈಪಿನ ಕಮಾನುಗಳು, ಮೇಲೆ 200 ಮೈಕ್ರಾನ್ ದಪ್ಪದ, ಬಿಸಿಲು ತಾಳುವ ಯುವಿ ಪಾಲಿಥಿನ್ ಶೀಟ್, ಎರಡೂ ಬದಿಗೆ ಸುತ್ತಿ ಮೇಲೆತ್ತುವ ಪರದೆ, ಅದರ ಹಿಂದೆ ಕೀಟ ತಡೆಯುವ ನೆಟ್, ಮುಂದೆ ಜಿಪ್ ಇರುವ ಬಾಗಿಲು. ಹೈದರಾಬಾದಿನಿಂದ ಪಾರ್ಸೆಲ್‌ನಲ್ಲಿ ಬಂತು. "ಹೀಟರ್ ಬೇಡವೇ ಬೇಡ, ಒಳಗೆ ಯಾವಾಗಲೂ 10 ಡಿಗ್ರಿ ಜಾಸ್ತಿ ಇರುತ್ತೆ" ಅಂದಿದ್ದ ಮಾರಿದವನು. ಹಗಲಿನ ಮಟ್ಟಿಗೆ ಅವನು ಹೇಳಿದ್ದು ಕಡಿಮೆಯೇ ಆಯಿತು. ರಾತ್ರಿಯ ಮಟ್ಟಿಗೆ ಪೂರಾ ಸುಳ್ಳು.

ನಿಲ್ಲಿಸುವುದಕ್ಕೆ ನನಗೂ ತಮ್ಮನಿಗೂ ಎರಡು ದಿನ ಹಿಡಿಯಿತು. ನೌಬಾದಿನ ನಮ್ಮ ಅಂಗಳದಲ್ಲಿ ಅರ್ಧ ಅಡಿ ಅಗೆದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಹಾರೆ ಬಡಿದರೆ ಕಿಡಿ ಬರುವುದೊಂದು ಬಾಕಿ. ಬೀದರ ಕೋಟೆಯ ಮಣ್ಣು ತಾಗಿದರೆ ಬಿದರಿ ಹೂದಾನಿ ಕಪ್ಪಗೆ ಹೊಳೆಯುತ್ತದೆ. ನಮ್ಮ ಅಂಗಳದ ಮಣ್ಣಿಗೆ ಅಂಥ ಯಾವ ಗುಣವೂ ಇಲ್ಲ, ಹಾಕಿದ ನೀರು ನಿಲ್ಲುವುದೂ ಇಲ್ಲ. ಹಾಗಾಗಿ ಒಳಗೆಲ್ಲ ಗ್ರೋ ಬ್ಯಾಗುಗಳೇ, ಅಂದರೆ ಗಿಡ ಬೆಳೆಸುವ ಚೀಲಗಳು.

ಜಾಗದ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಗಾಳಿ ತಡೆಯಲಿ ಎಂದು ದಕ್ಷಿಣದ ಕಾಂಪೌಂಡಿಗೆ ಒತ್ತಿ ನಿಲ್ಲಿಸಿದೆ. ಡಿಸೆಂಬರಿನಲ್ಲಿ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಸುಮಾರು 49 ಡಿಗ್ರಿ ಎತ್ತರದಲ್ಲಿ. 6 ಅಡಿ ಗೋಡೆಯ ನೆರಳು 5 ಅಡಿ ದಾಟುತ್ತದೆ. ಅಂದರೆ ಒಳಗಿನ ಅರ್ಧ ನೆಲಕ್ಕೆ ಬಿಸಿಲೇ ಇಲ್ಲ. ಮುಂದಿನ ವರ್ಷ ಬಿಚ್ಚಿ ಉತ್ತರಕ್ಕೆ ಸರಿಸಿದೆವು.

ಇನ್ನು ರಾತ್ರಿ ಒಳಗೆ ಯಾಕೆ ತಣ್ಣಗೆ? ಸಾದಾ ಪಾಲಿಥಿನ್ ಗಾಳಿಯನ್ನು ತಡೆಯುತ್ತದೆ, ಆದರೆ ನೆಲದಿಂದ ಆಕಾಶದ ಕಡೆಗೆ ಹೊರಡುವ ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ. ಬೀದರಿನ ಚಳಿಗಾಲದ ಆಕಾಶ ನಿಮಗೆ ಗೊತ್ತೇ ಇದೆ, ಒಂದು ಮೋಡ ಇರುವುದಿಲ್ಲ. ಹೊರಗೆ ಸಣ್ಣ ಗಾಳಿ ಆಡುತ್ತ ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆ ಬೆರೆಸುತ್ತಿರುತ್ತದೆ. ಒಳಗೆ ಅದೂ ಇಲ್ಲ. ಮೋಡ ಕವಿದ ರಾತ್ರಿಗಳಲ್ಲಿ ಇದೇ ಪಾಲಿಹೌಸ್ ಒಳಗೆ 2 ಡಿಗ್ರಿ ಜಾಸ್ತಿ ನೋಡಿದ್ದೇನೆ. ಶಾಖ ತಡೆಯುವ ಅಂಶ ಬೆರೆಸಿದ ಶೀಟುಗಳೂ ಬರುತ್ತವೆ. ಕೊಳ್ಳುವಾಗ ಅದನ್ನು ಕೇಳಿ, ಮೈಕ್ರಾನ್ ಒಂದನ್ನೇ ಕೇಳಬೇಡಿ. ನಾನು ಕೇಳಲಿಲ್ಲ.

ಆದರೆ ಆ ಚಳಿಗಾಲ ನನ್ನ ಗಿಡ ಕೊಂದದ್ದು ಥಂಡಿಯಲ್ಲ, ಬಿಸಿಲು. ಜನವರಿಯ ಒಂದು ದಿನ. ಬೆಳಿಗ್ಗೆ ಕೈ ಮರಗಟ್ಟುವಷ್ಟು ಚಳಿ, ಪರದೆ ಇಳಿಸಿಯೇ ಒಂಬತ್ತಕ್ಕೆ ಆಫೀಸಿಗೆ ಹೋದೆ. ಅವ್ವ ಅಕ್ಕನ ಮನೆಗೆ ಹುಮನಾಬಾದಿಗೆ ಹೋಗಿದ್ದಳು. ಸಂಜೆ ಬಂದು ಜಿಪ್ ತೆಗೆದರೆ ಹಬೆ ಮುಖಕ್ಕೆ ಬಡಿಯಿತು, ಬೇಯಿಸಿದ ಪಾಲಕ್ ವಾಸನೆ. ಥರ್ಮಾಮೀಟರಿನಲ್ಲಿ ಆ ದಿನದ ಗರಿಷ್ಠ 46. ಸಸಿ ಎಬ್ಬಿಸುವ ಪ್ಲಾಸ್ಟಿಕ್ ತಟ್ಟೆ ಪ್ರೋಟ್ರೇಯ 98 ಗುಣಿಗಳಲ್ಲಿದ್ದ ಟೊಮೆಟೊ ಸಸಿಗಳೆಲ್ಲ ಒದ್ದೆ ದಾರದಂತೆ ಮಲಗಿದ್ದವು. ಎಲೆ ಮುಟ್ಟಿದರೆ ಬೆರಳಿಗೆ ಅಂಟಿ ಬಂತು. ಹೊರಗೆ ಅಂದು 28 ಡಿಗ್ರಿ ಅಷ್ಟೇ.

ಹಿಮ ಬೀಳುವ ದೇಶದವರ ವಿಡಿಯೊ ನೋಡಿ ಕಲಿತದ್ದರ ಫಲ ಇದು. ಅವರಿಗೆ ಮುಚ್ಚುವುದೇ ಕೆಲಸ. ನಮಗೆ ತೆಗೆಯುವುದೂ ಮುಚ್ಚುವುದೂ ಎರಡೂ ದಿನಾ ಆಗಬೇಕು. ರಾತ್ರಿ 13ರ ಕೆಳಗೆ ಇಳಿದರೆ ಟೊಮೆಟೊ ಹೂವು ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಹಗಲು 35 ದಾಟಿದರೂ ಕಷ್ಟ. ಮುಚ್ಚಿಟ್ಟ ಪಾಲಿಹೌಸ್ ಬೀದರಿನಲ್ಲಿ ಒಂದೇ ದಿನ ಈ ಎರಡೂ ಗೆರೆ ದಾಟಿಸಿಬಿಡುತ್ತದೆ.

ಆಮೇಲಿನಿಂದ ಇದರ ಯಜಮಾನಿಕೆ ಅವ್ವನದು. ಬಿಸಿಲು ಶೀಟಿಗೆ ತಾಗಿ ಒಳಗಿನ ಹನಿ ಉದುರತೊಡಗಿದರೆ ಒಂದು ಬದಿ ಪರದೆ ಮೇಲೆ. ಚಹಾ ಕುಡಿದು ಇನ್ನೊಂದು ಬದಿ. ಸಂಜೆ ನಾಲ್ಕೂವರೆಗೆ, ಬಿಸಿಲು ಇನ್ನೂ ಇರುವಾಗಲೇ, ಎರಡೂ ಕೆಳಗೆ. ಕತ್ತಲಾದ ಮೇಲೆ ಮುಚ್ಚಿದರೆ ಹಿಡಿದಿಡಲು ಒಳಗೆ ಬಿಸಿ ಉಳಿದಿರುವುದಿಲ್ಲ. ನೀರು ಬೆಳಿಗ್ಗೆ ಮಾತ್ರ. ಸಂಜೆ ನೀರು ಹಾಕಿದ ವಾರ ಸಸಿಗಳ ಬುಡ ಕೊಳೆತದ್ದು ನೋಡಿ ಕಲಿತದ್ದು.

ಎರಡನೇ ವರ್ಷ 200 ಲೀಟರಿನ ಎರಡು ನೀಲಿ ಡ್ರಮ್ಮು ತಂದು, ಕಪ್ಪು ಬಣ್ಣ ಹೊಡೆದು, ನೀರು ತುಂಬಿ ಉತ್ತರದ ಬದಿಗೆ ಇಟ್ಟೆ. ಸಂಜೆ ಡ್ರಮ್ಮಿನ ನೀರು 24 ಡಿಗ್ರಿ, ಬೆಳಿಗ್ಗೆ 18. ಲೆಕ್ಕ ಹಾಕಿದರೆ ಒಂದು ಡ್ರಮ್ಮು ರಾತ್ರಿಯಿಡೀ ಬಿಟ್ಟ ಶಾಖ ಸುಮಾರು 1.4 ಯೂನಿಟ್ ಕರೆಂಟಿಗೆ ಸಮ. ಕೇಳಲಿಕ್ಕೆ ಚೆನ್ನಾಗಿದೆ, ಅಲ್ವಾ? ಒಳಗಿನ ಗಾಳಿ ಬೆಚ್ಚಗಾದದ್ದು ಒಂದೂವರೆ, ಎರಡು ಡಿಗ್ರಿ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅಪ್ಪನ ಹಳೆಯ ಧೋತರ. ಡ್ರಮ್ಮಿನ ಪಕ್ಕ ಟ್ರೇ ಇಟ್ಟು, ತಂತಿಯ ಕಮಾನು ಮಾಡಿ, ಮೇಲೆ ಧೋತರ ಹೊದಿಸಿದರೆ ಹೊರಗೆ 9 ಇದ್ದಾಗ ಧೋತರದ ಕೆಳಗೆ 13. ಇದಕ್ಕೆ ಖರ್ಚು ಸೊನ್ನೆ.

ಏನು ಬೆಳೆಯಿತು ಅಂತ ಕೇಳುತ್ತೀರಿ. ಮೆಂತ್ಯ, ಕೊತ್ತಂಬರಿ, ಪಾಲಕ್ ಇದರೊಳಗೆ ಸುಮ್ನೆ ಜಾಗ ದಂಡ. ನಮ್ಮ ಚಳಿಗಾಲ ಅವಕ್ಕೆ ಹೊರಗೇ ಹಬ್ಬ. ಒಳಗೆ ಬಿತ್ತಿದ ಕೊತ್ತಂಬರಿ ಉದ್ದುದ್ದ ಬೆಳೆದು ಬೇಗ ಹೂ ಬಿಟ್ಟಿತು. ಎಳ್ಳಮಾವಾಸ್ಯೆಯ ಭಜ್ಜಿಗೆ (ಸೊಪ್ಪು, ತರಕಾರಿ, ಕಾಳು ಬೆರೆಸಿದ ಪಲ್ಯ) ಅವ್ವ ಒಂದೆಲೆಯನ್ನೂ ಇಲ್ಲಿಂದ ಕೀಳಲಿಲ್ಲ, ಎಲ್ಲ ಹೊಲದ್ದೇ ಆಗಬೇಕು ಅವಳಿಗೆ. ಡೊಣ್ಣೆ ಮೆಣಸಿನಕಾಯಿ ಪರವಾಗಿಲ್ಲ. ಜನವರಿಯಲ್ಲಿ ಗಿಡ ನಿಂತಲ್ಲೇ ನಿಂತಿರುತ್ತದೆ, ಫೆಬ್ರುವರಿಯಲ್ಲಿ ಒಮ್ಮೆಲೇ ಕಾಯಿ. ಟೊಮೆಟೊಗೆ ನೆಟ್‌ನಿಂದಾಗಿ ಗಾಳಿಯೂ ಇಲ್ಲ, ಜೇನೂ ಇಲ್ಲ. ಹೂಗೊಂಚಲನ್ನು ನಾವೇ ಬೆರಳಿನಿಂದ ಮಿಡಿಯಬೇಕು. ಬಿಳಿ ನೊಣ ಮಾತ್ರ ಹೇಗೋ ಒಳಗೆ ಬರುತ್ತದೆ. ಹಳದಿ ಅಂಟು ಹಾಳೆ ತೂಗುಹಾಕಿದ್ದೇನೆ.

ದುಡ್ಡು ವಸೂಲಾದದ್ದು ಸಸಿಗಳಲ್ಲಿ. ಜನವರಿ ಮೊದಲ ವಾರ ಧೋತರದ ಕೆಳಗೆ ಬದನೆ, ಮೆಣಸಿನಕಾಯಿ, ಹೀರೆ ಬಿತ್ತಿದರೆ ಫೆಬ್ರುವರಿಗೆ ಗಟ್ಟಿ ಸಸಿ ಸಿದ್ಧ. ಬಿಸಿಲು ಏರುವ ಮೊದಲೇ ಬೇರು ಹಿಡಿದಿರುತ್ತವೆ. ಹೊರಗೆ ಬಿತ್ತಿದ ಅದೇ ಪ್ಯಾಕೆಟ್ಟಿನ ಮೆಣಸಿನ ಬೀಜ ಮೂರು ವಾರವಾದರೂ ತಲೆ ಎತ್ತಿರಲಿಲ್ಲ. ಹೋದ ವರ್ಷ ಓಣಿಯ ಏಳು ಮನೆಗೆ ನಮ್ಮ ಸಸಿ ಹೋಗಿವೆ.

ಬಾಳಿಕೆಯ ಬಗ್ಗೆ. ಪೈಪಿಗೆ ಇವತ್ತಿಗೂ ತುಕ್ಕಿಲ್ಲ, ಅದಕ್ಕೆ ಪೂರ್ತಿ ಅಂಕ. ಶೀಟ್ ಮೊದಲ ಏಪ್ರಿಲ್ಲಿನಲ್ಲೇ ಹರಿಯಿತು. ಕಾದ ಪೈಪಿಗೆ ತಾಗಿದ ಕಡೆ ಮೊದಲೇ ಹಪ್ಪಳವಾಗಿತ್ತು, ಒಂದು ಸಂಜೆ ಬಂದ ಗಾಳಿ ಮಳೆ ಉಳಿದದ್ದನ್ನು ಮುಗಿಸಿತು. ಮೂರು ವರ್ಷದ ಗ್ಯಾರಂಟಿ ಬಿಲ್ಲಿನ ಮೇಲೇ ಇತ್ತು. ಫೋನ್ ಮಾಡಿದರೆ "ಗಾಳಿಗೆ ಗ್ಯಾರಂಟಿ ಬರಲ್ಲ ಸರ್" ಎಂದರು. ಫೋಟೊ ಕಳಿಸಿದ ಮೇಲೆ ಎತ್ತುವುದನ್ನೇ ಬಿಟ್ಟರು. ಹೊಸ ಶೀಟಿಗೆ 3,200 ಹೋಯಿತು. ಈಗ ಪೈಪಿಗೆ ಬಿಳಿ ಬಟ್ಟೆ ಸುತ್ತಿದ್ದೇನೆ. ಮಾರ್ಚ್ ಬಂತೆಂದರೆ ಶೀಟ್ ಬಿಚ್ಚಿ ಮಡಚಿ ಅಟ್ಟಕ್ಕೆ, ಅದೇ ಕಮಾನಿನ ಮೇಲೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಶೇಡ್‌ನೆಟ್. ಎರಡನೇ ಶೀಟ್ ಹಾಗಾಗಿ ಇನ್ನೂ ಚೆನ್ನಾಗಿದೆ.

ಮತ್ತೆ ಕೊಳ್ಳುತ್ತೇನಾ? ಇದೇ ಅಳತೆಯದ್ದು ಬೇಡ. ಬರೀ ಸಸಿಗಾದರೆ 6 ಅಡಿಯದ್ದೇ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಬೀಗ ತೆಗೆಯುವ ಮನೆಯವರು ಕೊಳ್ಳಲೇಬೇಡಿ. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಅವ್ವನಿಗೆ ಸೇರಬೇಕಾದದ್ದು.

ಜಿಪ್ ಬಗ್ಗೆ ಹೇಳುವುದು ಮರೆತಿದ್ದೆ. ಎರಡನೇ ತಿಂಗಳಿಗೇ ಕೈಕೊಟ್ಟಿತು. ಈಗ ಬಾಗಿಲಿಗೆ ಬಟ್ಟೆ ಒಣಹಾಕುವ ಆರು ಕ್ಲಿಪ್ಪುಗಳಿವೆ.