ತೀರ್ಪು ಹೇಳದಿರಲು ಕಲಿಸಿದ ಐದು ದಿನಗಳ ತರಬೇತಿ

ದಾವಣಗೆರೆಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸಿದ, ಊರಿನ ಜಗಳಗಳು ರಾಜಿಯಲ್ಲಿ ಬಗೆಹರಿಯಲು ನೆರವಾಗುವ ಸಮುದಾಯ ಮಧ್ಯಸ್ಥಿಕೆದಾರರ ತರಬೇತಿಯನ್ನು ನಾನು ಇತ್ತೀಚೆಗೆ ಪೂರೈಸಿದೆ. ನ್ಯಾಯಾಲಯದ ಮಧ್ಯಸ್ಥಿಕೆದಾರರಿಗೆ ರೂಢಿಯಲ್ಲಿರುವ 40 ಗಂಟೆಗಳ ಮಾದರಿಯನ್ನೇ ಐದು ದಿನಗಳಿಗೆ ಹಂಚಿದ್ದರು. ಬಂದವರಲ್ಲಿ ನಿವೃತ್ತ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿಯ ಮಾಜಿ ಸದಸ್ಯರು ಇದ್ದರು. ಹೆಚ್ಚಿನವರು ಊರಲ್ಲಿ ನಾಲ್ಕಾರು ಜಗಳ ಬಿಡಿಸಿ ಪಳಗಿದವರು. ತೊಡಕಿದ್ದದ್ದೂ ಅಲ್ಲಿಯೇ.

ನಮ್ಮ ಭಾಗದಲ್ಲಿ ಪಂಚಾಯ್ತಿ ಎಂದರೆ ಹಿರಿಯರು ಎರಡೂ ಕಡೆಯವರನ್ನು ಕೇಳಿ ಕಡೆಗೊಂದು ಮಾತು ಹೇಳುವುದು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರಗಳಂದು ಜನ ವ್ಯಾಜ್ಯ ಹೊತ್ತು ಹೋಗುವುದು ಅಂಥದೊಂದು ಮಾತಿಗಾಗಿ. ಮಧ್ಯಸ್ಥಿಕೆದಾರನಿಗೆ ಆ ಅಧಿಕಾರವಿಲ್ಲ. ಪರಿಹಾರ ಕಕ್ಷಿದಾರರ ಬಾಯಿಂದಲೇ ಬರಬೇಕು. ಇದನ್ನು ಉಪನ್ಯಾಸದಲ್ಲಿ ಹೇಳಿ ಮುಗಿಸದೆ ಅಣಕು ಕಲಾಪಗಳಲ್ಲಿ ಮತ್ತೆ ಮತ್ತೆ ಮಾಡಿಸಿದ್ದು ಈ ತರಬೇತಿಯ ದೊಡ್ಡ ಗುಣ. ನನ್ನ ಪಾಲಿಗೆ ಬಂದದ್ದು ಮಂಡಕ್ಕಿ ಭಟ್ಟಿಯ ಹೊಗೆಯ ತಕರಾರು. ಹತ್ತು ನಿಮಿಷ ಕಳೆಯುವುದರೊಳಗೆ ನಾನು, “ಚಿಮಣಿ ಎತ್ತರಿಸಿಬಿಡಿ, ಮುಗೀತು” ಎಂದೆ. ತರಬೇತುದಾರರು ಕಲಾಪ ನಿಲ್ಲಿಸಿ, “ಸರ್, ಅದನ್ನು ನಿಮ್ಮನ್ನು ಯಾರು ಕೇಳಿದರು?” ಎಂದರು. ಎರಡನೆಯ ಸಲ ಬರೀ ಪ್ರಶ್ನೆ ಕೇಳುತ್ತಾ ಕುಳಿತಾಗ, ಪಕ್ಕದ ಮನೆಯಾಕೆಗೆ ತೊಂದರೆಯಾಗುತ್ತಿದ್ದದ್ದು ಮಕ್ಕಳು ಶಾಲೆಗೆ ಹೊರಡುವ ಹೊತ್ತಿನ ಹೊಗೆಯಿಂದ ಮಾತ್ರ ಎಂಬುದು ಹೊರಬಿತ್ತು. ಒಲೆ ಹೊತ್ತಿಸುವ ಸಮಯ ಬದಲಿಸುವುದಾಗಿ ಭಟ್ಟಿಯ ಮಾಲೀಕರೇ ಹೇಳಿದರು. (ಆ ಸಂಜೆ ಚಹಾದ ಜೊತೆ ಬಂದದ್ದು ಮಂಡಕ್ಕಿ, ಮಿರ್ಚಿ.)

ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಿದಾಗ ಕೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಎದುರು ಪಕ್ಷಕ್ಕೆ ದಾಟಿಸಬಾರದು ಎಂಬ ಪಾಠವನ್ನೂ ಚೆನ್ನಾಗಿ ಮಾಡಿದರು.

ಕಾನೂನಿನ ಭಾಗ ಮಾತ್ರ ತೀರ ತೆಳುವಾಗಿತ್ತು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೇ ಒಂದು ಅಧ್ಯಾಯವಿದ್ದು, ಮೂವರ ಸಮಿತಿ, ಇಬ್ಬರೂ ಕಕ್ಷಿದಾರರ ಪೂರ್ವಸಮ್ಮತಿ ಎಂಬ ವಿಧಿಗಳಿವೆ ಎಂದು ಹೇಳಿದರು. ಆದರೆ ಆ ವರ್ಷದ ಅಕ್ಟೋಬರ್ 9ರಂದು ಜಾರಿಗೆ ಬಂದ ಕಲಂಗಳಲ್ಲಿ ಈ ಅಧ್ಯಾಯ ಸೇರಿರಲಿಲ್ಲವೆಂಬುದನ್ನಾಗಲಿ, ಅದರಡಿ ಆಗುವ ಒಪ್ಪಂದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ಜಾರಿ ಮಾಡಿಸಬಹುದಾದ ತೀರ್ಪಿನ) ಬಲವಿಲ್ಲವೆಂದು ಕಾಯ್ದೆಯೇ ಹೇಳುತ್ತದೆಂಬುದನ್ನಾಗಲಿ ಯಾರೂ ತಿಳಿಸಲಿಲ್ಲ. ನಾಳೆ ನಮ್ಮೆದುರು ಸಹಿ ಹಾಕುವವರು ಮೊದಲು ಕೇಳುವ ಪ್ರಶ್ನೆಯೇ ಅದು.

ನಾಲ್ಕನೆಯ ದಿನದ ಆಸ್ತಿ ಪ್ರಕರಣ ಇನ್ನೂ ಕಾಡುತ್ತಿದೆ. ತಂಗಿಯ ಪಾತ್ರ ವಹಿಸಿದ್ದ ಅಂಗನವಾಡಿ ಶಿಕ್ಷಕಿಯೊಬ್ಬರು, ತವರಿನ ಬಾಗಿಲು ಮುಚ್ಚಬಾರದೆಂದು, ಆಸ್ತಿಯಲ್ಲಿನ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಒಪ್ಪಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮಧ್ಯಸ್ಥಿಕೆದಾರ ಸಲಹೆ ಕೊಡುವಂತಿಲ್ಲ, ನಿಜ. ಆದರೆ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಿಗೆ ಮೊದಲು ವಕೀಲರನ್ನು ಕಂಡು ಬನ್ನಿ ಎನ್ನುವುದಕ್ಕೆ ಅಡ್ಡಿಯೇನಿತ್ತು ಎಂದು ಕೇಳಿದೆ. “ಸಮಯವಾಯಿತು, ನಾಳೆ ಚರ್ಚಿಸೋಣ” ಎಂದರು ತರಬೇತುದಾರರು. ಚರ್ಚೆ ನಡೆಯಲಿಲ್ಲ.

ಇಷ್ಟಾದರೂ ಸೇರಬಯಸುವವರಿಗೆ ಸೇರಿ ಎಂದೇ ಹೇಳುತ್ತೇನೆ. ಆ ಆಸ್ತಿ ಪ್ರಕರಣ ಬಂದಾಗ ಚಪ್ಪಾಳೆಗೆ ಮೊದಲು ಕೈ ಎತ್ತಿ ಪ್ರಶ್ನೆ ಕೇಳಿ. ಪ್ರಮಾಣಪತ್ರ ಕೊನೆಯ ದಿನವೇ ಕೈಸೇರಿತು. ಅನುಭವಿಗಳ ಪಕ್ಕದಲ್ಲಿ ಕುಳಿತು ನಿಜವಾದ ಕಲಾಪ ನೋಡುವ ಅವಕಾಶ ಮುಂದಿನ ತಿಂಗಳು ಎಂದಿದ್ದಾರೆ, ಕಾಯುತ್ತಿದ್ದೇನೆ.