ಪದಬೇಟೆಗೆ ವನ್‌ಲುಕ್ ನಿಘಂಟು ತಾಣ

ಇಂಗ್ಲಿಷಿನ ಐದೂ ಸ್ವರಗಳು ವರ್ಣಮಾಲೆಯ ಕ್ರಮದಲ್ಲೇ ಬರುವ ಉದ್ದ ಪದಗಳು ಬೇಕೆ? ವನ್‌ಲುಕ್‌ನಲ್ಲಿ *ಎ*ಇ*ಐ*ಓ*ಯು* ಎಂಬ ಮಾದರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ. ಅಬ್‌ಸ್ಟೀಮಿಯಸ್ (ಊಟ, ಕುಡಿತದಲ್ಲಿ ಮಿತಿ ಇರುವ), ಫಸೀಷಸ್ (ಗಂಭೀರ ವಿಷಯಕ್ಕೂ ತಮಾಷೆ ಬೆರೆಸುವ) ಸಿಗುತ್ತವೆ. ಪದ ಒತ್ತಿದರೆ ಅರ್ಥವೂ ಅಲ್ಲೇ.

ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳನ್ನಾದರೂ ನುಂಗುತ್ತದೆ, ಸ್ವರಗಳನ್ನೂ. ಹಾಗಾಗಿ ಎರಡು ‘ಐ’ ಇರುವ ಅಡ್ವೆಂಟಿಷಸ್ ಕೂಡ ನುಸುಳುತ್ತದೆ. ಆಲದ ಬಿಳಲಿನಂತೆ ಬೇರಲ್ಲದ ಕಡೆಯಿಂದ ಹೊರಡುವ ಬೇರಿಗೆ ಸಸ್ಯಶಾಸ್ತ್ರ ಕೊಟ್ಟ ವಿಶೇಷಣವಿದು. ಬಲು ಚೆಂದದ ಪದ. ಬಿಗಿ ಬೇಕಿದ್ದರೆ # ಬಳಸಿ, ಒಂದು # ಒಂದೇ ವ್ಯಂಜನಕ್ಕೆ ಸಮ. #ಎ#ಇ#ಐಓಯು# ಎಂದರೆ ಫಸೀಷಸ್ ಸಲೀಸಾಗಿ ಕೈಗೆ ಬರುತ್ತದೆ. ಮಾದರಿಯ ಕೊನೆಗೆ ಕೋಲನ್ ಇಟ್ಟು ವಿಷಯ ಬರೆದರೆ ಅರ್ಥದ ಮೇಲೂ ಸೋಸಬಹುದು. ಪದಗುಚ್ಛಗಳು, ಹೆಸರುಗಳು ಪಟ್ಟಿಯಲ್ಲಿ ಬೆರೆಯುವುದೇ ಕಿರಿಕಿರಿ.